ಸಂಭವನೀಯತೆಯ ಪಾಠದಲ್ಲಿ ಸ್ಪೇಡ್ಸ್ ಆಟ: ಒಂದು ಬೋಧನಾನುಭವ

ಹತ್ತನೇ ತರಗತಿಯ ಸಂಭವನೀಯತೆ ಘಟಕದಲ್ಲಿ 52 ಇಸ್ಪೀಟ್ ಎಲೆಗಳ ಲೆಕ್ಕಗಳಿವೆ. ಆದರೆ ಎಲೆಗಳನ್ನು ಕೈಯಲ್ಲಿ ಹಿಡಿದೇ ನೋಡದ ಮಕ್ಕಳು ತರಗತಿಯಲ್ಲಿ ಹಲವರಿದ್ದರು. ಹಾಗಾಗಿ ಬೋಧನಾಭ್ಯಾಸದಲ್ಲಿ, ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು, ಡ್ರಾಯಿಂಗ್ ಶೀಟಿನಲ್ಲಿ ಎಲೆಗಳನ್ನು ಮಾಡಿಕೊಂಡು ಸ್ಪೇಡ್ಸ್ ಆಡಿಸಿದೆ. ಇದು 1930ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಆಟ.

ನಿಯಮಗಳು: ನಾಲ್ವರು ಆಟಗಾರರು, ಎದುರುಬದುರು ಕುಳಿತವರು ಜೊತೆಗಾರರು. ತಲಾ 13 ಎಲೆ, ಒಟ್ಟು 13 ಸುತ್ತು. ಸ್ಪೇಡ್ ಯಾವಾಗಲೂ ತುರುಪು. ಎಷ್ಟು ಸುತ್ತು ಗೆಲ್ಲುವೆನೆಂದು ಪ್ರತಿಯೊಬ್ಬರೂ ಸರದಿಯಂತೆ ಮೊದಲೇ ಬಿಡ್ ಹೇಳಬೇಕು. ಜೋಡಿಯ ಬಿಡ್‌ಗಳನ್ನು ಕೂಡಿಸುತ್ತಾರೆ. ಹೇಳಿದಷ್ಟು ಗೆದ್ದರೆ ಬಿಡ್‌ಗೆ ತಲಾ 10 ಅಂಕ, ಹೆಚ್ಚಿನ ಪ್ರತಿ ಸುತ್ತಿಗೆ 1 ಅಂಕ. ಕಡಿಮೆಯಾದರೆ ಬಿಡ್‌ಗೆ ತಲಾ 10 ಅಂಕ ಕಳೆಯುತ್ತದೆ. ಹೆಚ್ಚಿನ ಸುತ್ತುಗಳು 10 ಸೇರಿದರೆ 100 ಅಂಕ ಹೋಗುವುದರಿಂದ ಬೇಕೆಂದೇ ಕಡಿಮೆ ಹೇಳುವುದೂ ಲಾಭವಲ್ಲ.

ಒಂದು ತಂಡದಲ್ಲಿ ಮೊದಲ ಜೋಡಿಯ ವಿದ್ಯಾರ್ಥಿನಿ 1, ಅವಳ ಜೊತೆಗಾರ 5 ಎಂದರು. ಎದುರಾಳಿಗಳು 4 ಮತ್ತು 5 ಎಂದರು. ಮೊತ್ತ 15. ಇರುವುದು 13 ಸುತ್ತು. ಎರಡೂ ಜೋಡಿ ಗೆಲ್ಲುವುದು ಅಸಂಭವ ಘಟನೆ, ಅದರ ಸಂಭವನೀಯತೆ 0. ಇದನ್ನು ಮಕ್ಕಳೇ ಹೇಳಿದಾಗ ಪಾಠ ಗೆದ್ದಿತೆಂದುಕೊಂಡೆ. 5 ಹೇಳಿದವನನ್ನು "ಭೇಷ್, ಧೈರ್ಯ ಬೇಕು" ಎಂದು ಹೊಗಳಿಯೂ ಬಿಟ್ಟೆ.

ಆಟದ ನಡುವೆ ಎದುರಾಳಿ ಹಾರ್ಟ್ ಇಳಿಸಿದ. ವಿದ್ಯಾರ್ಥಿನಿ ಹಾರ್ಟ್ ಎಕ್ಕ ಹಾಕಿದಳು. ಮೂರನೆಯವನೂ ಹಾರ್ಟ್ ಹಾಕಿದ. ಕೊನೆಯಲ್ಲಿ ಆಡಿದ ಜೊತೆಗಾರನ ಬಳಿ ಹಾರ್ಟ್ ಇರಲಿಲ್ಲ. ಅವನು ಉತ್ಸಾಹದಿಂದ ತುರುಪು ಹೊಡೆದ. ಕೊನೆಗೆ ಅವರಿಗೆ 5 ಸುತ್ತು, ಎದುರಾಳಿಗಳಿಗೆ 8. ಒಂದು ಜೋಡಿಗೆ -60, ಇನ್ನೊಂದಕ್ಕೆ -90. ಅವನು "ಇವಳು ಒಂದೇ ಹೇಳಿದ್ದು, ಮಿಸ್" ಎಂದು ದೂರಿದ. ಅವಳು ಮೆಲ್ಲಗೆ ಹೇಳಿದಳು: "ಮಿಸ್, ಆ ಸುತ್ತು ಆಗಲೇ ನಮ್ಮದಾಗಿತ್ತು."

ಪಾಠ ವೀಕ್ಷಿಸುತ್ತಿದ್ದ ಉಪನ್ಯಾಸಕರು ಬಳಿಕ ಒಂದೇ ಪ್ರಶ್ನೆ ಕೇಳಿದರು: "ಏನಮ್ಮಾ, ಅವಳ ಒಂದನ್ನು ನೀನಾದರೂ ಕೇಳಿಸಿಕೊಂಡೆಯಾ?" ನನ್ನಲ್ಲಿ ಉತ್ತರವಿರಲಿಲ್ಲ. ಎಲೆಗಳ ಬಗ್ಗೆ ಜೊತೆಗಾರರು ಮಾತಾಡುವಂತಿಲ್ಲದ ಈ ಆಟದಲ್ಲಿ, ಆಡುವ ಮೊದಲು ಅವರ ನಡುವೆ ನಡೆಯುವ ಮಾತೆಂದರೆ ಬಿಡ್ ಒಂದೇ. ಅವಳ ಒಂದು ಹೆದರಿಕೆಯಲ್ಲ, ಸರಿಯಾದ ಎಣಿಕೆ. ಅವನು ತನ್ನ ಕೈಯನ್ನಷ್ಟೇ ಎಣಿಸಿದ. ನಾನು ದೊಡ್ಡ ಸಂಖ್ಯೆಯನ್ನಷ್ಟೇ ಮೆಚ್ಚಿದೆ.

ಮರುದಿನದ ಪಾಠಯೋಜನೆಯಲ್ಲಿ ಎರಡು ಬದಲಾವಣೆ ಮಾಡಿದೆ. ಮೊದಲನೆಯದು, ಬಿಡ್‌ಗೆ ಕಾರಣ ಬರೆಯುವುದು. ಒಂದು ಬಣ್ಣದ ರಾಜ ನನ್ನಲ್ಲಿದ್ದು ಎಕ್ಕ ಇಲ್ಲದಿದ್ದರೆ, ಅದು ಉಳಿದ 39 ಎಲೆಗಳಲ್ಲಿದೆ. ಜೊತೆಗಾರನ ಬಳಿ ಇರುವ ಸಂಭವನೀಯತೆ 13/39, ಅಂದರೆ 1/3. ರಾಜನನ್ನು ಖಚಿತ ಗೆಲುವೆಂದು ಎಣಿಸುವುದು ಅಲ್ಲಿಗೆ ನಿಂತಿತು. ಎರಡನೆಯದು, "ನನ್ನ ಜೊತೆಗಾರರ ಬಿಡ್‌ನಿಂದ ನನಗೆ ತಿಳಿದದ್ದು" ಎಂಬ ಇನ್ನೊಂದು ಅಂಕಣ.

ಆ ಹುಡುಗ ಅದರಲ್ಲಿ ಬರೆದಿದ್ದ: "ಇವಳ ಬಳಿ ಎಕ್ಕ ಇರಬಹುದು. ಕಾಯುತ್ತೇನೆ."