ಹುಳಿ, ಉಪ್ಪು ಮತ್ತು ಸ್ಟೇನ್‌ಲೆಸ್ ಸ್ಟೀಲಿನ ತೊಟ್ಟಿ

ನಿಂಬೆ, ಮಾವಿನ ಮಿಡಿ, ಹುಣಿಸೆ ಮುಂತಾದ ಹುಳಿಪದಾರ್ಥಗಳನ್ನು ಗ್ರಾಮದಲ್ಲಿಯೇ ಹದಗೊಳಿಸಿ ಮಾರಲುದ್ಯುಕ್ತರಾಗುವ ಜಮೀನುದಾರರು ಮೊದಲು ಹಣ ಹೂಡುವುದು ಸ್ಟೇನ್‌ಲೆಸ್ ಸ್ಟೀಲಿನ ತೊಟ್ಟಿಗೆ. ಅದು ಎಂದಿಗೂ ಕೆಡದ ಲೋಹವೆಂಬ ಭರವಸೆಯೇ ಇದಕ್ಕೆ ಕಾರಣವು. ಆದರೆ ಹೊಸ ತೊಟ್ಟಿಯ ತಳದಲ್ಲಿ ಸೂಜಿಮೊನೆಯಷ್ಟು ರಂಧ್ರ ಬಿದ್ದು, ಉಪ್ಪುನೀರು ರಾತ್ರಿಯಿಡೀ ಸೋರಿ, ಸರಕೆಲ್ಲ ಕೆಟ್ಟುದನ್ನು ನಾನು ಕಣ್ಣಾರೆ ಕಂಡಿರುವೆನು.

ಈ ಉಕ್ಕಿನ ರಕ್ಷೆಯು ಯಾವುದೆಂಬುದನ್ನು ಮೊದಲು ತಿಳಿಯತಕ್ಕದ್ದು. ಇದರಲ್ಲಿ ನೂರಕ್ಕೆ 10.5 ಭಾಗಕ್ಕೆ ಕಡಮೆಯಿಲ್ಲದಷ್ಟು ಕ್ರೋಮಿಯಮ್ ಬೆರೆತಿರುವುದು. ಅದು ಗಾಳಿಯ ಆಮ್ಲಜನಕದೊಡನೆ ಕೂಡಿ, ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯನ್ನು ಉಂಟುಮಾಡುವುದು. ಗೀರು ಬಿದ್ದರೂ ಪೊರೆಯು ತಾನಾಗಿಯೇ ಮತ್ತೆ ಕೂಡಿಕೊಳ್ಳುವುದು. ಹಣ್ಣಿನ ಹುಳಿಯೊಂದೇ ಇದನ್ನು ಅಷ್ಟಾಗಿ ಬಾಧಿಸಲಾರದು. ಹುಳಿಯೊಡನೆ ಉಪ್ಪೂ ಸೇರಿತೆಂದರೆ, ಉಪ್ಪಿನಲ್ಲಿರುವ ಕ್ಲೋರೈಡು ಪೊರೆಯನ್ನು ಅಲ್ಲಲ್ಲಿ ಭೇದಿಸುವುದು. ಹಾಗೆ ಬಿದ್ದ ಕುಳಿಯೊಳಗೆ ಆಮ್ಲವು ಇನ್ನಷ್ಟು ತೀಕ್ಷ್ಣವಾಗುವುದು. ಆಮ್ಲಜನಕವು ಅಲ್ಲಿಗೆ ತಲಪದು. ಆದಕಾರಣ ಪೊರೆಯು ಪುನಃ ಕೂಡಲಾರದು. ಸುತ್ತಲೂ ಥಳಥಳಿಸುತ್ತಿದ್ದರೂ ಒಳಗೊಳಗೇ ಕೊರೆತವು ಸಾಗುತ್ತಿರುವುದು. ಶಾಖ ಹೆಚ್ಚಿದಷ್ಟೂ ಈ ಕೊರೆತವು ಹೆಚ್ಚು.

ಅಯಸ್ಕಾಂತವು ಅಂಟದಿದ್ದರೆ ಉತ್ತಮ ಉಕ್ಕೆಂಬ ಅಂಗಡಿಯ ಪರೀಕ್ಷೆಯನ್ನು ನಂಬತಕ್ಕದ್ದಲ್ಲ. ನಿಕ್ಕಲನ್ನು ಕಡಮೆಮಾಡಿ ಮ್ಯಾಂಗನೀಸ್ ಬೆರೆಸಿದ ಅಗ್ಗದ 200ರ ವರ್ಗದ ತಗಡಿಗೂ ಅದು ಅಂಟುವುದಿಲ್ಲ. ಹಾಲಿಗೂ ಉಪ್ಪಿಲ್ಲದ ಹಣ್ಣಿನ ರಸಕ್ಕೂ 304 ಎಂಬ ಜಾತಿಯು ಸಾಕು. ಉಪ್ಪು ಬೆರೆತ ಹುಳಿಗೆ ನೂರಕ್ಕೆ 2ರಿಂದ 3 ಭಾಗ ಮಾಲಿಬ್ಡಿನಮ್ ಉಳ್ಳ 316 ಬೇಕು. ಬೆಲೆ ಹೆಚ್ಚೆಂಬುದು ನಿಜ. ಆದರೆ ತಿಂಗಳುಗಟ್ಟಲೆ ಗಾಢವಾದ ಉಪ್ಪುನೀರಿನಲ್ಲಿ ಊರಿಸಿಡುವುದಕ್ಕೆ ಅದನ್ನೂ ನಾನು ಹೇಳಲಾರೆನು. ಅಲ್ಲಿಗೆ ಆಹಾರಕ್ಕೆ ಯೋಗ್ಯವಾದ ಪ್ಲಾಸ್ಟಿಕ್ ಪೀಪಾಯಿಯೇ ಮೇಲು. ನಮ್ಮ ಮನೆಯ ಹೆಂಗಸರು ಉಪ್ಪಿನಕಾಯಿಗೆ ಪಿಂಗಾಣಿ ಜಾಡಿಯನ್ನೇ ಇಟ್ಟುಕೊಂಡು ಬಂದುದು ಸುಮ್ಮನೆಯಲ್ಲ.

ತೊಟ್ಟಿಯು ಹೆಚ್ಚಾಗಿ ಸೋಲುವುದು ಬೆಸುಗೆಯ ಬಳಿ. ಬೆಸುಗೆಯ ಕಾವಿನಲ್ಲಿ ಕ್ರೋಮಿಯಮ್ ಇಂಗಾಲದೊಡನೆ ಕೂಡಿಹೋಗಿ, ಪೊರೆಗೆ ಬೇಕಾದ ಅಂಶವು ಅಲ್ಲಿ ಕುಂದುವುದು. ಆದುದರಿಂದ ಇಂಗಾಲವು ನೂರಕ್ಕೆ 0.03 ಭಾಗವನ್ನು ಮೀರದ, ‘ಎಲ್’ ಗುರುತಿನ ತಗಡನ್ನೇ ಕೇಳತಕ್ಕದ್ದು. ಬೆಸುಗೆಯ ಬದಿಯಲ್ಲಿ ನೀಲಿ, ಕಂದು ಬಣ್ಣ ಉಳಿದಿದ್ದರೆ ಕೆಲಸಗಾರನಿಂದ ಅದನ್ನು ಪೂರ್ತಿ ತೆಗೆಯಿಸಿದ ಹೊರತು ಹಣ ಕೊಡಬೇಡಿರಿ.

ದಿನದ ಕೆಲಸ ಮುಗಿದೊಡನೆ ತೊಟ್ಟಿಯನ್ನು ಸಿಹಿನೀರಿನಿಂದ ತೊಳೆದು ಒಣಗಿಸಬೇಕು. ಕಬ್ಬಿಣದ ತಂತಿಯ ಕುಂಚವು ಕೂಡದು. ಬ್ಲೀಚಿಂಗ್ ಪುಡಿಯ ನೀರನ್ನು ರಾತ್ರಿಯೆಲ್ಲ ನಿಲ್ಲಿಸಕೂಡದು. ಎಲ್ಲಿಯಾದರೂ ಕಂದು ಚುಕ್ಕೆ ಕಂಡರೆ ತೊಟ್ಟಿಯನ್ನು ಬರಿದುಮಾಡಿ, ಆ ಸ್ಥಳವನ್ನು ಉಜ್ಜಿ, ಸೂಜಿಯ ಮೊನೆಯನ್ನಾಡಿಸಿ ನೋಡಿರಿ. ಮೊನೆಯು ಒಳಗಿಳಿದರೆ ದುರಸ್ತಿಯಾಗುವವರೆಗೆ ಆ ತೊಟ್ಟಿಗೆ ಸರಕು ತುಂಬಬಾರದು.