ಉಗುರಿನ ಬಣ್ಣ, ಆಕಾರ ಮತ್ತು ರಕ್ತಹೀನತೆ: ಗ್ರಾಮ ಪಂಚಾಯಿತಿ ಸದಸ್ಯರಿಗೆ ಮಾಹಿತಿ

ಕೈಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಬುಡದಿಂದ ತುದಿಯವರೆಗೆ ಹೊಸದಾಗಲು ಆರು ತಿಂಗಳು ಹಿಡಿಯುತ್ತದೆ. ಆದುದರಿಂದ ಅದರ ಆಕಾರ ಕೆಟ್ಟಿದ್ದರೆ ಕಾರಣವು ನಿನ್ನೆ ಮೊನ್ನೆಯದಾಗಿರುವುದಿಲ್ಲ.

ರಕ್ತದಲ್ಲಿ ಹಿಮೋಗ್ಲೋಬಿನ್ ಕಡಿಮೆಯಾದಾಗ ಉಗುರಿನಡಿಯ ನಸುಗೆಂಪು ಬಣ್ಣ ಬಿಳಿಚಿಕೊಳ್ಳುತ್ತದೆ. ಕಬ್ಬಿಣಾಂಶದ ಕೊರತೆ ಬಹುಕಾಲ ಮುಂದುವರಿದರೆ ಉಗುರು ತೆಳುವಾಗಿ, ನಡುವೆ ತಗ್ಗಿ, ಅಂಚು ಮೇಲೆದ್ದು ಚಮಚದ ಆಕಾರ ತಾಳಬಹುದು. ಅದರ ಮೇಲೆ ಒಂದು ಹನಿ ನೀರು ಜಾರದೆ ನಿಲ್ಲುತ್ತದೆ. ಹಾಗೆಂದು ಉಗುರು ಸರಿಯಿದ್ದವರಿಗೆಲ್ಲ ರಕ್ತ ಸರಿಯಿದೆ ಎಂದು ತಿಳಿಯಬಾರದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಇವರಲ್ಲಿ ಚಮಚದಂತಹ ಉಗುರು ಕಾಣುವುದು ಕೆಲವರಿಗೆ ಮಾತ್ರ. ಉಗುರು ಸುಳಿವಷ್ಟೇ, ನಿರ್ಣಯವಾಗುವುದು ರಕ್ತಪರೀಕ್ಷೆಯಿಂದ. 100 ಮಿಲಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ ಪ್ರಮಾಣ ಮಹಿಳೆಯರಲ್ಲಿ 12 ಗ್ರಾಂ, ಗರ್ಭಿಣಿಯರಲ್ಲಿ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದು ಪರಿಗಣಿಸಲಾಗುತ್ತದೆ.

ಉಗುರಿನ ಮೇಲಿನ ಸಣ್ಣ ಬಿಳಿ ಚುಕ್ಕೆಗಳಿಗೆ ಸುಣ್ಣಾಂಶದ ಕೊರತೆ ಕಾರಣವೆಂಬ ನಂಬಿಕೆ ವ್ಯಾಪಕವಾಗಿದೆ. ಅವು ಬಹುತೇಕ ಸಣ್ಣಪುಟ್ಟ ಪೆಟ್ಟಿನ ಗುರುತುಗಳು, ಚಿಂತಿಸಬೇಕಿಲ್ಲ. ಉಗುರು, ತುಟಿ ನೀಲಿಗಟ್ಟಿ ಉಸಿರಾಟ ಕಷ್ಟವಾದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಬೆರಳ ತುದಿ ಉಬ್ಬಿ ಉಗುರು ಬಾಗುತ್ತಾ ಬಂದಿದ್ದರೆ ಶ್ವಾಸಕೋಶ ಅಥವಾ ಹೃದಯದ ತಪಾಸಣೆ ಅಗತ್ಯ.

ರಕ್ತಹೀನತೆಗೆ ಊಟದ ಕೊರತೆಯೊಂದೇ ಕಾರಣವಲ್ಲ. ಬಯಲು ಶೌಚದಿಂದ ಮಣ್ಣು ಸೇರಿದ ಕೊಕ್ಕೆಹುಳುವಿನ ಮರಿಗಳು ಬರಿಗಾಲಿನ ಚರ್ಮದ ಮೂಲಕ ದೇಹ ಹೊಕ್ಕು, ಕರುಳಿನಲ್ಲಿ ರಕ್ತ ಹೀರುತ್ತವೆ. ಶೌಚಾಲಯ ಕಟ್ಟಿಸಿದ ಸದಸ್ಯರು ಅದು ಬಳಕೆಯಲ್ಲಿದೆಯೇ ಅಥವಾ ಸೌದೆ ಇಡುವ ಕೋಣೆಯಾಗಿದೆಯೇ ಎಂಬುದನ್ನೂ ನೋಡಬೇಕಾದುದು ಈ ಕಾರಣಕ್ಕೆ.

ಉದ್ಯೋಗ ಖಾತರಿ ಕಾಮಗಾರಿಯ ಸ್ಥಳದಲ್ಲಾಗಲಿ, ಸ್ವಸಹಾಯ ಸಂಘದ ಸಭೆಯಲ್ಲಾಗಲಿ ಬಿಳಿಚಿದ ಉಗುರು, ಏದುಸಿರು, ಸುಸ್ತು ಕಂಡುಬಂದವರನ್ನು ಎಲ್ಲರೆದುರು ಪ್ರಶ್ನಿಸದೆ, ಆಶಾ ಕಾರ್ಯಕರ್ತೆಯರ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸುವುದು. ಉಗುರುಬಣ್ಣ, ಮದರಂಗಿ ಇದ್ದಲ್ಲಿ ಕೆಳರೆಪ್ಪೆಯ ಒಳಭಾಗ ಬಿಳಿಚಿದೆಯೇ ಎಂದು ಕಾರ್ಯಕರ್ತೆಯರು ನೋಡುತ್ತಾರೆ.

ಕಬ್ಬಿಣಾಂಶದ ಮಾತ್ರೆ ನುಂಗಿದಾಗ ಮಲ ಕಪ್ಪಾಗುವುದು ಸಹಜ. ಇದಕ್ಕೆ ಹೆದರಿ ಮಾತ್ರೆಗಳನ್ನು ಡಬ್ಬಿಯಲ್ಲೇ ಉಳಿಸುವ ಮನೆಗಳಿವೆ. ಮಾತ್ರೆಯೊಡನೆ ಚಹಾ, ಕಾಫಿ ಬೇಡ. ನಿಂಬೆಹಣ್ಣು, ನೆಲ್ಲಿಕಾಯಿ ಒಳ್ಳೆಯದು. ರಕ್ತ ಸುಧಾರಿಸಿದರೂ ಉಗುರು ಮೊದಲಿನ ಆಕಾರಕ್ಕೆ ಬರಲು ತಿಂಗಳುಗಳೇ ಬೇಕಾಗುವುದರಿಂದ, ಗುಣ ಕಾಣಲಿಲ್ಲವೆಂದು ವೈದ್ಯರ ಸೂಚನೆಯಿಲ್ಲದೆ ಮಾತ್ರೆ ನಿಲ್ಲಿಸಬಾರದು.