ತೊಗಲುಬೊಂಬೆಯೂ ಅದರ ಬಾಯಿಮಾತೂ

ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ತೂಗುಹಾಕಿದ ತೊಗಲುಬೊಂಬೆಯನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ಎದುರಿನಿಂದ ಬೆಳಕು ಬಿದ್ದಾಗ ಅದು ಮಾಸಿದ ಚರ್ಮದ ತುಂಡಿನಂತೆ ಮಂಕಾಗಿ ತೋರುತ್ತದೆ. ಅದೇ ಬೊಂಬೆಯನ್ನು ಬಿಳಿಯ ಪರದೆಗೆ ಒತ್ತಿಹಿಡಿದು ಹಿಂದೆ ದೀಪವಿಟ್ಟರೆ ಕೆಂಪು, ಹಸುರು ಬಣ್ಣಗಳು ಹೊಳೆಯುತ್ತವೆ. ಕಿರೀಟದಲ್ಲಿ ಕೊರೆದ ಸಣ್ಣ ರಂಧ್ರಗಳು ರತ್ನಗಳಾಗುತ್ತವೆ. ಇಂತಹ ಕಲೆಯನ್ನು ಪ್ರದರ್ಶನಗಳ ಮೂಲಕ ಉಳಿಸಿಕೊಳ್ಳಲು ಸಾಧ್ಯವೆ ಎಂಬುದನ್ನು ಇಲ್ಲಿ ವಿಚಾರಮಾಡೋಣ.

ಮೊದಲು ಬೊಂಬೆ ಹುಟ್ಟುವ ಬಗೆಯನ್ನು ತಿಳಿಯಬೇಕು. ಹಿಂದೆ ಜಿಂಕೆಯ ತೊಗಲನ್ನು ಬಳಸುತ್ತಿದ್ದರು. ಈಗ ಬಳಕೆಯಲ್ಲಿರುವುದು ಹೆಚ್ಚಾಗಿ ಆಡಿನ ತೊಗಲು. ಅದನ್ನು ನೆನೆಹಾಕಿ, ಕೂದಲನ್ನೂ ಒಳಗಿನ ಪೊರೆಯನ್ನೂ ಹೆರೆದು, ಬಿಗಿಯಾಗಿ ಎಳೆದು ಕಟ್ಟಿ ಒಣಗಿಸಿದರೆ ತೊಗಲು ತೆಳ್ಳಗಾಗಿ ಬೆಳಕನ್ನು ಹಾಯಗೊಡುತ್ತದೆ. ಆಮೇಲೆ ಮೊನಚಾದ ಕಡ್ಡಿಯಿಂದ ಆಕಾರವನ್ನು ಗೀರಿ, ಅಂಚನ್ನು ಕತ್ತರಿಸಿ, ಒಡವೆಗಳನ್ನು ಉಳಿಯಿಂದ ಕೊರೆದು, ಎರಡು ಮಗ್ಗುಲಿಗೂ ಬಣ್ಣ ಹಚ್ಚುತ್ತಾರೆ. ಸೀಳಿದ ಬಿದಿರಿನ ಕಡ್ಡಿಯನ್ನು ನಡುವೆ ಸಿಕ್ಕಿಸಿ ಕಟ್ಟಿದರೆ ಹಿಡಿಕೆಯಾಯಿತು. ಆಂಧ್ರದ ಬೊಂಬೆಗಳು ಬಹು ದೊಡ್ಡವು. ಅವುಗಳ ಭುಜ, ಮೊಣಕೈ, ಮೊಣಕಾಲುಗಳಲ್ಲಿ ಕೀಲುಗಳುಂಟು. ಕನ್ನಡನಾಡಿನವು ಸಾಮಾನ್ಯವಾಗಿ ಚಿಕ್ಕವು. ಅವುಗಳಲ್ಲಿಯೂ ಪಾತ್ರದ ಅಂತಸ್ತಿನಂತೆ ಅಳತೆ: ದೇವರೂ ಅರಸನೂ ದೊಡ್ಡವರು, ಆಳು ಚಿಕ್ಕವನು. ಎಳೆಯ ಮಕ್ಕಳು ಬರೆಯುವ ಚಿತ್ರದಲ್ಲಿ ತಾಯಿ ಮನೆಗಿಂತ ಎತ್ತರವಾಗಿ ನಿಂತಿರುವುದಿಲ್ಲವೆ? ಅದೂ ಇದೇ ಲೆಕ್ಕ. ಕೆಲವೊಮ್ಮೆ ಒಂದೇ ತೊಗಲಿನಲ್ಲಿ ಇಡಿಯ ಸನ್ನಿವೇಶವೇ ಅಡಕವಾಗಿರುತ್ತದೆ.

ಈ ಬೊಂಬೆಗಳನ್ನು ತಲೆಮಾರುಗಳಿಂದ ಆಡಿಸುತ್ತ ಬಂದವರನ್ನು ಕಿಳ್ಳೇಕ್ಯಾತರೆಂದೂ ಶಿಳ್ಳೇಕ್ಯಾತರೆಂದೂ ಕರೆಯುತ್ತಾರೆ. ಕಿಳ್ಳೇಕ್ಯಾತನೆಂಬುದು ಆಟದಲ್ಲಿ ಬರುವ ಹಾಸ್ಯಗಾರನ ಹೆಸರು. ಗಣಪತಿ, ಸರಸ್ವತಿಯರ ಸ್ತುತಿಯಾದ ಬಳಿಕ ಅವನು ಬಂಗಾರಕ್ಕನೊಡನೆ ಪರದೆಯ ಮೇಲೆ ಬಂದು ನಗಿಸುತ್ತಾನೆ. ಅನಂತರ ರಾಮಾಯಣ, ಮಹಾಭಾರತಗಳ ಪ್ರಸಂಗ. ಮಳೆ ಬಾರದ ವರ್ಷಗಳಲ್ಲಿ ಊರವರೇ ಕೂಡಿ ಇವರನ್ನು ಕರೆಸಿ ಆಟ ಆಡಿಸುತ್ತಿದ್ದರು. ಮನೆಯ ಹೆಂಗಸರೂ ಹಾಡುತ್ತಾರೆ, ಪಾತ್ರಗಳಿಗೆ ದನಿಕೊಡುತ್ತಾರೆ.

ಇವರ ಮನೆಮಾತು ಮರಾಠಿಯ ಒಂದು ಬಗೆ. ಆಟದ ಮಾತು ಕನ್ನಡ. ನಾವಿರುವ ತಮಿಳುನಾಡಿನಲ್ಲಿ ತೋಲ್‌ಪಾವೈಕೂತ್ತು ಎಂಬ ಇದೇ ಬಗೆಯ ಆಟವುಂಟು. ಅದನ್ನು ಆಡಿಸುವವರ ಮನೆಮಾತೂ ಮರಾಠಿಯೇ, ಕತೆಯ ಮಾತು ಮಾತ್ರ ತಮಿಳು. ಮನೆಯಲ್ಲಿ ಒಂದು ನುಡಿ, ಬೀದಿಯಲ್ಲಿ ಇನ್ನೊಂದು ನುಡಿ ಎಂಬ ಬಾಳು ಚೆನ್ನೈನ ಕನ್ನಡ ಮಕ್ಕಳಾದ ನಿಮಗೆ ಹೊಸದಲ್ಲ. ಆದರೆ ಅವರು ತಮ್ಮದಲ್ಲದ ನುಡಿಯಲ್ಲಿ ಎಷ್ಟು ಹಾಡುಗಳನ್ನು, ಎಷ್ಟು ಸಂಭಾಷಣೆಗಳನ್ನು ಕಂಠಸ್ಥವಾಗಿ ಕಾಪಾಡಿದರು! ಆ ಕತೆಯ ಬಹುಭಾಗ ಇರುವುದು ಬಾಯಲ್ಲಿ. ಸವೆದ ಬೊಂಬೆಯನ್ನು ಭಕ್ತಿಯಿಂದ ಹೊಳೆಗೆ ಬಿಡುವ ವಾಡಿಕೆಯೂ ಇತ್ತು. ಹೊಸದನ್ನು ಕೊರೆಯುವ ಕೈಯೂ ಹಾಡುವ ಕಂಠವೂ ಮನೆಯಲ್ಲಿಯೇ ಇದ್ದುದರಿಂದ ಅದು ನಷ್ಟವೆನಿಸುತ್ತಿರಲಿಲ್ಲ.

ಸಿನಿಮಾ ಬಂದು ಆಟಕ್ಕೆ ಜನ ಕಡಮೆಯಾದ ಮೇಲೆ ಸಂಗತಿ ಬೇರೆಯಾಯಿತು. ಹಳೆಯ ಬೊಂಬೆಗಳು ಅಲಂಕಾರದ ವಸ್ತುಗಳಾಗಿ ಮಾರಾಟವಾಗತೊಡಗಿದವು. ಆಗ ಕಲಾವಿದ ಎಂ. ಎಸ್. ನಂಜುಂಡರಾಯರು ಹಳ್ಳಿಗಳನ್ನು ಸುತ್ತಿ, ಈ ಕಲೆಯನ್ನು ಅಭ್ಯಾಸಮಾಡಿ ಗ್ರಂಥ ಬರೆದರು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ತೊಗಲುಬೊಂಬೆಗಳ ದೊಡ್ಡ ಸಂಗ್ರಹ ಬೆಳೆದುದರ ಹಿಂದೆ ಅವರ ಶ್ರಮವಿದೆ. ಈ ಉಪಕಾರ ಸಣ್ಣದಲ್ಲ. ಆದರೂ ಹೇಳುವವರಿಂದ ದೂರವಾದ ವಸ್ತು ಅರ್ಧ ಮೂಕವಾಗುತ್ತದೆಂದೇ ನನ್ನ ಅಭಿಪ್ರಾಯ. ಇದಕ್ಕೆ ದೂರದ ಶಾಲೆಯೊಂದರ ವೃತ್ತಾಂತ ನಿದರ್ಶನವಾಗಿದೆ.

ಪಶ್ಚಿಮ ಆಸ್ಟ್ರೇಲಿಯದ ನೈರುತ್ಯ ಭಾಗ ನೂಂಗಾರ್ ಎಂಬ ಮೂಲನಿವಾಸಿಗಳ ನಾಡು. ಅಲ್ಲಿನ ಸರಕಾರ ಅವರ ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಿ ವಸತಿಗಳಲ್ಲಿ ಇರಿಸುತ್ತಿತ್ತು. ಕ್ಯಾರೊಲಪ್ ಎಂಬ ವಸತಿಯ ಶಾಲೆಗೆ 1946ರಲ್ಲಿ ನೋಯೆಲ್ ವೈಟ್ ಎಂಬ ಉಪಾಧ್ಯಾಯರು ಬಂದು ಚಿತ್ರ ಬರೆಯಲು ಪ್ರೋತ್ಸಾಹವಿತ್ತರು. ನಿಮ್ಮ ವಯಸ್ಸಿನ ಆ ಮಕ್ಕಳು ತಮ್ಮ ಕಾಡನ್ನೂ ಸಂಜೆಯ ಆಕಾಶವನ್ನೂ ಬೆಂಕಿಯ ಸುತ್ತಲಿನ ಕುಣಿತವನ್ನೂ ಬಣ್ಣದ ಸೀಮೆಸುಣ್ಣದಿಂದ ಬರೆದರು. ಫ್ಲಾರೆನ್ಸ್ ರಟರ್ ಎಂಬ ಆಂಗ್ಲ ಮಹಿಳೆ ಅವನ್ನು ಯೂರೋಪಿಗೆ ಒಯ್ದು ಪ್ರದರ್ಶಿಸಿದರು, ಜನ ಬೆರಗಾದರು. ಆದರೆ ಅಷ್ಟರಲ್ಲಿ ಶಾಲೆಯೇ ಮುಚ್ಚಿಹೋಯಿತು. ಚಿತ್ರಗಳು ಅಮೆರಿಕದ ಸಂಗ್ರಾಹಕರೊಬ್ಬರ ಕೈಸೇರಿ, 1966ರಲ್ಲಿ ಕೋಲ್ಗೇಟ್ ವಿಶ್ವವಿದ್ಯಾಲಯಕ್ಕೆ ದಾನವಾಗಿ ಹೋದವು. 2004ರಲ್ಲಿ ವಿದ್ವಾಂಸರೊಬ್ಬರು ಅಲ್ಲಿ ಅವನ್ನು ಗುರುತಿಸುವ ವರೆಗೆ ಲೋಕಕ್ಕೆ ಅವುಗಳ ನೆನಪಿರಲಿಲ್ಲ. ಕಾಗದ ಭದ್ರವಾಗಿಯೇ ಇತ್ತು. ಆ ಕಾಡು ಯಾರದು, ಆ ಕುಣಿತ ಯಾವುದು ಎಂದು ಹೇಳಬಲ್ಲ ಜನ ಮಾತ್ರ ಸಮುದ್ರದಾಚೆ ಇದ್ದರು. 2006ರಲ್ಲಿ ಕೆಲವು ಚಿತ್ರಗಳನ್ನು ನೂಂಗಾರ್ ನಾಡಿನಲ್ಲಿಯೇ ಪ್ರದರ್ಶಿಸಲಾಯಿತು. 2013ರಲ್ಲಿ ಆ ಸಂಗ್ರಹವು ಪರ್ತ್ ನಗರದ ಕರ್ಟಿನ್ ವಿಶ್ವವಿದ್ಯಾಲಯಕ್ಕೆ ಮರಳಿತು.

ನಮ್ಮಲ್ಲಿ ಹೇಳುವವರು ಇನ್ನೂ ಇದ್ದಾರೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಎಂಬವರಿಗೆ 2025ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಾಗ ಅವರಿಗೆ ತೊಂಬತ್ತು ದಾಟಿತ್ತು. ಎಳೆಯ ವಯಸ್ಸಿನಿಂದ ಬೊಂಬೆ ಹಿಡಿದ ಆ ತಾಯಿ ಹೊರದೇಶಗಳಲ್ಲಿಯೂ ಆಟ ತೋರಿಸಿದವರು. ಅವರ ಬೊಂಬೆಗೆ ಗಾಜು ಬೇಕಿಲ್ಲ, ಪರದೆ ಬೇಕು.

ನಮ್ಮ ನಗರದ ದಕ್ಷಿಣಕ್ಕೆ, ಮುಟ್ಟುಕಾಡಿನಲ್ಲಿ, 1996ರಲ್ಲಿ ತೆರೆದ ದಕ್ಷಿಣಚಿತ್ರಕ್ಕೆ ಹೋದವರು ಅಲ್ಲಿ ಇಲಕಲ್ಲಿನ ನೇಕಾರರ ಮನೆಯನ್ನು ನೋಡಿರಬೇಕು. ಇಲಕಲ್ ಸೀರೆಯಲ್ಲಿ ಮೈಯನ್ನೂ ಸೆರಗನ್ನೂ ಕೊಂಡಿಹಾಕಿ ಜೋಡಿಸುತ್ತಾರೆ. ಮಗ್ಗದ ಮುಂದೆ ಕುಳಿತ ಕೈ ತೋರಿಸಿಕೊಡದೆ ಆ ಕೊಂಡಿ ಹೇಗೆ ಬಿದ್ದಿತೆಂಬುದು ಎಷ್ಟು ದಿಟ್ಟಿಸಿದರೂ ತಿಳಿಯದು.

ಆದುದರಿಂದ ಶಾಲೆಯಲ್ಲಿ ನಾಡಿನ ವಸ್ತುಗಳ ಪ್ರದರ್ಶನ ಏರ್ಪಡಿಸುವಾಗ ನಿಮ್ಮಲ್ಲಿ ನನ್ನದೊಂದು ಕೋರಿಕೆ. ಮನೆಯಿಂದ ಕೌದಿಯನ್ನೋ ಚನ್ನೆಮಣೆಯನ್ನೋ ತರುವಿರಾದರೆ ಅದನ್ನು ಹೊಲಿದವರನ್ನು, ಆಡಿದವರನ್ನು ಕೂಡ ಕರೆತನ್ನಿರಿ. ಚೀಟಿಯ ಮೇಲೆ ಪುಸ್ತಕದ ವಾಕ್ಯ ಬರೆಯಬೇಡಿ; ಅಜ್ಜಿ ಯಾವ ಊರಿನ ಮಾತಿನಲ್ಲಿ ಹೇಳಿದರೋ ಅದೇ ಮಾತಿನಲ್ಲಿ ಬರೆಯಿರಿ. ಅವರಿಗೊಂದು ಕುರ್ಚಿಯನ್ನು ಮೇಜಿನ ಪಕ್ಕದಲ್ಲಿಯೇ ಹಾಕಿರಿ. ಬಂದವರಿಗೆ ವಸ್ತುವೂ ಕಾಣಬೇಕು, ಅವರ ಕೈಯೂ ಕಾಣಬೇಕು.